ಸ್ವತಂತ್ರವೆಂಬ ವಿಶೇಷಣ: ಮನೆಯ ರೂಟರ್ ಮತ್ತು ಸ್ವಿಚ್‌ಗಳ ಆಯ್ಕೆಯನ್ನು ಕುರಿತ ವಿಮರ್ಶೆ

ವಸ್ತುವೊಂದಕ್ಕೆ ವಿಶೇಷಣವನ್ನು ಜೋಡಿಸುವುದು ಸುಲಭ. ಆ ವಿಶೇಷಣವು ವಸ್ತುವಿನ ಯಾವ ಅಂಗಕ್ಕೆ ಸಲ್ಲುತ್ತದೆ, ಯಾವ ಅಂಗಕ್ಕೆ ಸಲ್ಲುವುದಿಲ್ಲ ಎಂದು ವಿಂಗಡಿಸಿ ನೋಡುವುದು ಕಷ್ಟ. ಶುದ್ಧವೆಂಬ ತುಪ್ಪ, ಅಸಲಿಯೆಂಬ ರೇಷ್ಮೆ, ಕೈಮಗ್ಗದ್ದೆಂಬ ಬಟ್ಟೆ ಇವುಗಳನ್ನು ಕೊಳ್ಳುವಾಗ ಗೃಹಸ್ಥರು ಸಾಕಷ್ಟು ಪ್ರಶ್ನೆಗಳನ್ನು ಕೇಳುತ್ತಾರೆ. ಆದರೆ ‘ಸ್ವತಂತ್ರ ತಂತ್ರಾಂಶದಿಂದ ನಡೆಯುವ ರೂಟರ್’ ಎಂಬ ಮಾತು ಕಿವಿಗೆ ಬಿದ್ದಾಗ, ಅದನ್ನು ಪರೀಕ್ಷಿಸುವ ಬಗೆ ತಿಳಿಯದೆ, ಮೆಚ್ಚಿ ಒಪ್ಪುವವರೂ ಅರ್ಥವಾಗದೆಂದು ಬಿಡುವವರೂ ಸಮಸಂಖ್ಯೆಯಲ್ಲಿದ್ದಾರೆ. ಆ ಮಾತಿನ ಹಿಂದೆ ಇಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ, ಎರಡು ಭಿನ್ನ ಮಾನದಂಡಗಳಿವೆ, ಮತ್ತು ಅವುಗಳಲ್ಲಿ ಒಂದು ಹೊರನೋಟಕ್ಕೆ ಹೆಚ್ಚು ಕಠಿಣವಾಗಿ ಕಂಡರೂ ಪರಿಣಾಮದಲ್ಲಿ ದುರ್ಬಲವಾಗಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯ. ಹೊರಗಿನ ಜಾಲದಿಂದ ಮನೆಗೆ ಬರುವ ಒಂದೇ ಸಂಪರ್ಕವನ್ನು ಒಳಗಿನ ಹಲವು ಉಪಕರಣಗಳಿಗೆ ಹಂಚಿ, ಯಾವ ಮಾಹಿತಿ ಒಳಗೆ ಬರಬಹುದು, ಯಾವುದು ಹೊರಗೆ ಹೋಗಬಹುದು ಎಂದು ತೀರ್ಮಾನಿಸುವ ಪೆಟ್ಟಿಗೆ ರೂಟರ್. ಒಳಗಿನ ಉಪಕರಣಗಳನ್ನು ತಂತಿಗಳ ಮೂಲಕ ಪರಸ್ಪರ ಕೂಡಿಸುವ ಪೆಟ್ಟಿಗೆ ಸ್ವಿಚ್. ಒಂದು ಬಾಗಿಲು ಕಾಯುತ್ತದೆ, ಇನ್ನೊಂದು ಪಡಸಾಲೆಯಲ್ಲಿ ಪತ್ರ ಹಂಚುತ್ತದೆ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ‘ವೈಫೈ ರೂಟರ್’ ಎಂಬುದು ಈ ಎರಡರ ಜೊತೆಗೆ ಒಂದು ರೇಡಿಯೊ ಯಂತ್ರವನ್ನೂ ಒಂದೇ ಪ್ಲಾಸ್ಟಿಕ್ ಕವಚದೊಳಗೆ ಸೇರಿಸಿದ ಸಂಯುಕ್ತ. ಈ ಮೂರನ್ನೂ ಒಂದೇ ವಸ್ತುವೆಂದು ಎಣಿಸುವ ಅಭ್ಯಾಸವೇ ಮುಂದಿನ ಅನೇಕ ಗೊಂದಲಗಳಿಗೆ ಕಾರಣ.

ಬಾಗಿಲು ಕಾಯುವವನ ಸ್ವಭಾವ ಮನೆಯವರಿಗೆ ಮುಖ್ಯ. ಮನೆಯ ಯಾವ ಸದಸ್ಯ ಯಾವ ಹೊತ್ತಿನಲ್ಲಿ ಯಾವ ತಾಣವನ್ನು ಹುಡುಕಿದನೆಂಬುದರ ಹೆಜ್ಜೆಗುರುತು ರೂಟರಿನ ಮೂಲಕವೇ ಹಾದುಹೋಗುತ್ತದೆ. ಟ್ರಸ್ಟಿನ ಕಚೇರಿಯಾದರೆ ದಾನಿಗಳ ಪಟ್ಟಿ, ಬ್ಯಾಂಕಿನ ವ್ಯವಹಾರ, ವಿದ್ಯಾರ್ಥಿನಿಲಯದ ದಾಖಲೆ ಎಲ್ಲವೂ ಅದೇ ದಾರಿಯಲ್ಲಿ ಸಂಚರಿಸುತ್ತವೆ. 2018ರ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ದುಷ್ಟ ತಂತ್ರಾಂಶವು ಕನಿಷ್ಠ 54 ದೇಶಗಳಲ್ಲಿ ಐದು ಲಕ್ಷಕ್ಕೂ ಮಿಕ್ಕ ಉಪಕರಣಗಳಲ್ಲಿ ನೆಲೆಸಿದೆಯೆಂದು ಸಂಶೋಧಕರು ಪ್ರಕಟಿಸಿದರು. ಅವುಗಳಲ್ಲಿ ಬಹುಪಾಲು ಮನೆಗಳ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳು. ಇಂತಹ ಉಪಕರಣಗಳ ದೌರ್ಬಲ್ಯ ಹೆಚ್ಚಾಗಿ ಒಂದೇ ಬಗೆಯದು: ತಯಾರಕನು ಕೆಲವು ವರ್ಷ ತಿದ್ದುಪಡಿಗಳನ್ನು ಕಳುಹಿಸಿ, ಹೊಸ ಮಾದರಿ ಬಂದೊಡನೆ ಹಳೆಯದನ್ನು ಮರೆಯುತ್ತಾನೆ. ಯಂತ್ರ ಗಟ್ಟಿಯಾಗಿಯೇ ಇರುತ್ತದೆ, ದೀಪಗಳು ಮಿನುಗುತ್ತಲೇ ಇರುತ್ತವೆ, ಬಾಗಿಲಿನ ಚಿಲಕ ಮಾತ್ರ ಸಡಿಲವಾಗಿರುತ್ತದೆ. ಕೊಂಡವನಿಗೆ ಅದನ್ನು ಸರಿಪಡಿಸುವ ಅಧಿಕಾರವಾಗಲಿ, ಬೇರೊಬ್ಬ ಬಲ್ಲವನಿಂದ ಸರಿಪಡಿಸಿಕೊಳ್ಳುವ ಅಧಿಕಾರವಾಗಲಿ ಇರುವುದಿಲ್ಲ.

ಸ್ವತಂತ್ರ ತಂತ್ರಾಂಶವೆಂಬ ಕಲ್ಪನೆ ಹುಟ್ಟಿದುದು ಈ ಅಧಿಕಾರದ ಪ್ರಶ್ನೆಯಿಂದಲೇ. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂದು ಹೇಳುತ್ತದೆ: ಯಾವ ಉದ್ದೇಶಕ್ಕಾದರೂ ನಡೆಸುವುದು, ಒಳಗಿನ ರಚನೆಯನ್ನು ಅಭ್ಯಸಿಸಿ ಬದಲಿಸುವುದು, ಪ್ರತಿಗಳನ್ನು ಇತರರಿಗೆ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಬೆಲೆಯಿಲ್ಲದ್ದನ್ನೂ ಬಂಧನವಿಲ್ಲದ್ದನ್ನೂ ಸೂಚಿಸುವುದರಿಂದ ಅಲ್ಲಿ ಸದಾ ವಿವರಣೆ ಬೇಕಾಗುತ್ತದೆ. ಉಚಿತ ಮತ್ತು ಸ್ವತಂತ್ರ ಎಂಬ ಎರಡು ಪದಗಳುಳ್ಳ ಕನ್ನಡಕ್ಕೆ ಆ ತೊಡಕಿಲ್ಲ. ಇಲ್ಲಿ ಚರ್ಚೆಯಾಗುವ ರೂಟರ್‌ಗಳಾವುವೂ ಉಚಿತವಲ್ಲ.

ಮನೆಯ ರೂಟರಿಗೆ ಈ ಕಲ್ಪನೆ ಪ್ರವೇಶಿಸಿದ ಕಥೆ ಸ್ವಾರಸ್ಯಕರವಾಗಿದೆ, ಮತ್ತು ಮುಂದಿನ ಎಲ್ಲ ಸಮಸ್ಯೆಗಳ ಬೀಜವೂ ಅದರಲ್ಲಿದೆ. 2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಸಂಸ್ಥೆ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ ಮತ್ತು ಕಪ್ಪು ಬಣ್ಣದ ರೂಟರನ್ನು ಮಾರುಕಟ್ಟೆಗೆ ತಂದಿತು. 2003ರಲ್ಲಿ ಆ ಸಂಸ್ಥೆಯನ್ನು ಸಿಸ್ಕೊ ಕೊಂಡಿತು. ಅದೇ ವರ್ಷ, ರೂಟರಿನೊಳಗೆ ನಡೆಯುತ್ತಿರುವುದು ಲಿನಕ್ಸ್ ಎಂಬುದನ್ನು ಕೆಲವರು ಪತ್ತೆಹಚ್ಚಿದರು. ಲಿನಕ್ಸ್ ಜಿಪಿಎಲ್ ಎಂಬ ಪರವಾನಗಿಗೆ ಒಳಪಟ್ಟದ್ದು. ಅದನ್ನು ಉಪಯೋಗಿಸಿ ಮಾರುವವನು, ಕೊಂಡವನು ಕೇಳಿದರೆ ಮೂಲಸಂಕೇತವನ್ನು ಕೊಡಲೇಬೇಕು ಎಂಬುದು ಅದರ ನಿಬಂಧನೆ. ಉದಾರವಾಗಿ ಪಡೆದದ್ದನ್ನು ಉದಾರವಾಗಿಯೇ ಮುಂದಕ್ಕೆ ಕೊಡಬೇಕೆಂಬ ಈ ಕರಾರನ್ನು ತಯಾರಕರು ಗಮನಿಸಿರಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದರೋ ಹೇಳುವಂತಿಲ್ಲ. ಒತ್ತಾಯ ಹೆಚ್ಚಿದಾಗ ಸಂಕೇತ ಹೊರಬಂತು. ಅದನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಸ್ವತಂತ್ರ ಯೋಜನೆ ಆರಂಭವಾಯಿತು. ಹೆಸರಿನ ಕೊನೆಯ ಮೂರಕ್ಷರಗಳು ಆ ರೂಟರಿನ ಹೆಸರಿನಿಂದಲೇ ಬಂದವು. ಅದೇ 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು ಹರಾಲ್ಡ್ ವೆಲ್ಟೆ ಎಂಬ ಲಿನಕ್ಸ್ ಕರ್ತೃ ಹೂಡಿದ ಮೊಕದ್ದಮೆಯಲ್ಲಿ, ಇನ್ನೊಂದು ರೂಟರ್ ಮಾರಾಟಗಾರ ಸಂಸ್ಥೆಯಾದ ಸೈಟ್‌ಕಾಮ್ ವಿರುದ್ಧ ತಡೆಯಾಜ್ಞೆಯನ್ನು ಎತ್ತಿಹಿಡಿದು, ಈ ಪರವಾನಗಿ ಕಾನೂನಿನ ಬಲವುಳ್ಳದ್ದೆಂದು ಮನ್ನಿಸಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ವಿಮರ್ಶೆಗೆ ಕೆಲಸವಿರುತ್ತಿರಲಿಲ್ಲ. 2005ರಲ್ಲಿ ಅದೇ ಡಬ್ಲ್ಯೂಆರ್‌ಟಿ54ಜಿಯ ಐದನೆಯ ಆವೃತ್ತಿ ಬಂತು. ಹೊರಕವಚ ಅದೇ, ಹೆಸರೂ ಅದೇ. ಒಳಗೆ ಮಾತ್ರ ಲಿನಕ್ಸ್‌ನ ಬದಲು ವಿಎಕ್ಸ್‌ವರ್ಕ್ಸ್ ಎಂಬ ಮುಚ್ಚಿದ ತಂತ್ರಾಂಶ. ಶಾಶ್ವತ ಸ್ಮೃತಿ 4 ಮೆಗಾಬೈಟ್‌ನಿಂದ 2ಕ್ಕೂ, ಕಾರ್ಯಸ್ಮೃತಿ 16ರಿಂದ 8ಕ್ಕೂ ಇಳಿದಿತ್ತು. ಪರವಾನಗಿಯನ್ನು ಮುರಿಯದೆಯೇ, ಸ್ವತಂತ್ರ ತಂತ್ರಾಂಶಕ್ಕೆ ಕಾಲೂರಲು ಜಾಗವಿಲ್ಲದಂತೆ ಮಾಡಲಾಗಿತ್ತು. ಲಿನಕ್ಸ್ ಬೇಕೆನ್ನುವವರಿಗಾಗಿ ಡಬ್ಲ್ಯೂಆರ್‌ಟಿ54ಜಿಎಲ್ ಎಂಬ ಬೇರೆ ಮಾದರಿಯನ್ನು ಪ್ರತ್ಯೇಕವಾಗಿ ಮಾರಲಾಯಿತು. ಪರವಾನಗಿಯ ಪಾಲನೆಯ ಬಗ್ಗೆ ಫೌಂಡೇಶನ್ ಮತ್ತು ಸಿಸ್ಕೊ ನಡುವಿನ ವ್ಯಾಜ್ಯ 2008ರ ಡಿಸೆಂಬರಿನಲ್ಲಿ ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ರಾಜಿಯಲ್ಲಿ ಮುಗಿಯಿತು.

ಮೊದಲ ಆವೃತ್ತಿಗಳಲ್ಲಿಯೂ ಒಂದು ಕೊರತೆ ಇತ್ತೆಂಬುದನ್ನು ಮರೆಯಬಾರದು. ರೇಡಿಯೊವನ್ನು ನಡೆಸುವ ಚಾಲಕ ತಂತ್ರಾಂಶವನ್ನು ಚಿಪ್ ತಯಾರಕರಾದ ಬ್ರಾಡ್‌ಕಾಮ್ ಮುಚ್ಚಿದ ರೂಪದಲ್ಲಿಯೇ ಕೊಟ್ಟಿದ್ದರು. ಅದು ಲಿನಕ್ಸ್‌ನ ಹಳೆಯ 2.4 ತಿರುಳಿಗೆ ಮಾತ್ರ ಹೊಂದುತ್ತಿತ್ತು. ಉಳಿದ ಲೋಕ 2.6ಕ್ಕೆ ಮುಂದುವರಿದ ಮೇಲೂ, ಈ ಒಂದು ಕಡತದ ಕಾರಣದಿಂದ ಓಪನ್‌ಡಬ್ಲ್ಯೂಆರ್‌ಟಿಯವರು ಆ ರೂಟರ್‌ಗಳಿಗಾಗಿ ವರ್ಷಗಟ್ಟಲೆ 2.4ರ ಹೊರೆಯನ್ನು ಹೊರಬೇಕಾಯಿತು. ಮನೆಯೆಲ್ಲ ಸ್ವಂತದ್ದು, ಆದರೆ ಒಂದು ಕೋಣೆಯ ಬೀಗದ ಕೈ ಹಳೆಯ ಮಾಲೀಕನ ಬಳಿ ಎಂಬಂತಹ ಸ್ಥಿತಿ. ಆ ಕೋಣೆ ಅಂದೂ ರೇಡಿಯೊ, ಇಂದೂ ರೇಡಿಯೊ.

ರೇಡಿಯೊದ ವಿಷಯದಲ್ಲಿ ಸರ್ಕಾರಗಳ ಆತಂಕವೂ ಸೇರಿಕೊಂಡಿತು. ವಿಮಾನ ನಿಲ್ದಾಣಗಳ ಸಮೀಪದ ಹವಾಮಾನ ರೇಡಾರ್‌ಗಳು 5 ಗಿಗಾಹರ್ಟ್ಜ್ ಪಟ್ಟಿಯ ಒಂದು ಭಾಗವನ್ನು ಉಪಯೋಗಿಸುತ್ತವೆ. ರೂಟರಿನ ತಂತ್ರಾಂಶವನ್ನು ಬದಲಿಸಿ ಆ ಪಟ್ಟಿಯಲ್ಲಿ ಮಿತಿಮೀರಿ ಪ್ರಸಾರ ಮಾಡಿದರೆ ರೇಡಾರ್ ಕುರುಡಾಗಬಹುದು. ಈ ಭಯ ನ್ಯಾಯವಾದದ್ದೇ. ಆದರೆ 2015ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಹೊರಡಿಸಿದ ಮಾರ್ಗಸೂಚಿಯು ಸ್ವತಂತ್ರ ತಂತ್ರಾಂಶವೊಂದರ ಹೆಸರನ್ನೇ ಹೇಳಿ, ಅದರ ಸ್ಥಾಪನೆಯನ್ನು ಹೇಗೆ ತಡೆಯುವಿರೆಂದು ತಯಾರಕರನ್ನು ಕೇಳಿತು. ರೇಡಿಯೊ ಒಂದಕ್ಕೆ ಬೀಗ ಹಾಕೆಂದರೆ ತಯಾರಕನು ಇಡೀ ಪೆಟ್ಟಿಗೆಗೇ ಬೀಗ ಹಾಕುವನು, ಏಕೆಂದರೆ ಅದು ಅಗ್ಗ. ಅಂತರಜಾಲದ ಆದ್ಯರಲ್ಲೊಬ್ಬರಾದ ವಿಂಟ್ ಸರ್ಫ್ ಸೇರಿದಂತೆ ಇನ್ನೂರಕ್ಕೂ ಹೆಚ್ಚು ತಜ್ಞರು ಸಹಿ ಹಾಕಿ ಆಕ್ಷೇಪಿಸಿದರು. ಮಾರ್ಗಸೂಚಿ ಅದೇ ವರ್ಷದ ನವೆಂಬರಿನಲ್ಲಿ ತಿದ್ದುಪಡಿಯಾಯಿತು. 2016ರ ಆಗಸ್ಟಿನಲ್ಲಿ ಟಿಪಿ-ಲಿಂಕ್ ಸಂಸ್ಥೆ ಪ್ರಸಾರಶಕ್ತಿಯ ಮಿತಿಗೆ ಸಂಬಂಧಿಸಿದ ಉಲ್ಲಂಘನೆಗಾಗಿ 2,00,000 ಡಾಲರ್ ದಂಡ ತೆತ್ತಾಗ, ಬೇರೆಯವರ ಸ್ವತಂತ್ರ ತಂತ್ರಾಂಶಕ್ಕೆ ಅವಕಾಶ ಕಲ್ಪಿಸುವ ಕ್ರಮ ಕೈಗೊಳ್ಳಬೇಕೆಂಬ ಷರತ್ತೂ ರಾಜಿಯಲ್ಲಿ ಸೇರಿತು. ದಂಡ ವಿಧಿಸಿದ ಆಯೋಗವೇ ಬೀಗ ತೆಗೆಯಲು ಹೇಳಿದ ಅಪರೂಪದ ಪ್ರಸಂಗವಿದು.

ಈ ಹಿನ್ನೆಲೆಯಲ್ಲಿ ಎರಡು ಮಾನದಂಡಗಳನ್ನು ಪರಾಮರ್ಶಿಸಬೇಕು. ಮೊದಲನೆಯದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ನೀಡುವ ‘ರೆಸ್ಪೆಕ್ಟ್ಸ್ ಯುವರ್ ಫ್ರೀಡಂ’ ಎಂಬ ಮುದ್ರೆ. ಉಪಕರಣದಲ್ಲಿ ನಡೆಯುವ ತಂತ್ರಾಂಶವೆಲ್ಲ ಸ್ವತಂತ್ರವಾಗಿರಬೇಕೆಂಬುದು ಅದರ ನಿಯಮ. ಥಿಂಕ್‌ಪೆಂಗ್ವಿನ್ ಎಂಬ ಸಣ್ಣ ಸಂಸ್ಥೆಯ ಕೆಲವು ರೂಟರ್‌ಗಳಿಗೆ ಈ ಮುದ್ರೆ ದೊರೆತಿದೆ. ಅವುಗಳಲ್ಲಿ ನಡೆಯುವುದು ಲಿಬ್ರೆಸಿಎಂಸಿ. ಓಪನ್‌ಡಬ್ಲ್ಯೂಆರ್‌ಟಿಯಿಂದ ಹುಟ್ಟಿ, ಮುಚ್ಚಿದ ಕಡತಗಳನ್ನೆಲ್ಲ ಕಿತ್ತುಹಾಕಿದ ರೂಪವದು. ಈ ರೂಟರ್‌ಗಳ ವೈಫೈ ಅಥೆರಾಸ್ ಸಂಸ್ಥೆಯ ಹಳೆಯ ತಲೆಮಾರಿನ ಚಿಪ್‌ಗಳನ್ನು ಅವಲಂಬಿಸಿದೆ. ‘ಎಟಿಎಚ್9ಕೆ’ ಎಂಬ ಚಾಲಕದಿಂದ ನಡೆಯುವ ಆ ಚಿಪ್‌ಗಳಿಗೆ ಹೊರಗಿನಿಂದ ಯಾವ ಮುಚ್ಚಿದ ಕಡತವನ್ನೂ ತುಂಬಬೇಕಿಲ್ಲ.

ಎಟಿಎಚ್9ಕೆ ಚಾಲಕದ ಬಗ್ಗೆ ಹೊಗಳಿಕೆಯ ಒಂದು ಮಾತು ಹೇಳದೆ ಮುಂದೆ ಹೋಗುವುದು ಅನ್ಯಾಯ. ತಂತ್ರಾಂಶ ಬರೆಯಲಾರದ ಗೃಹಸ್ಥನಿಗೆ ತಂತ್ರಾಂಶದ ಸ್ವಾತಂತ್ರ್ಯದಿಂದ ಏನು ಲಾಭ ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಒಬ್ಬರು ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಿದ್ದರೆ ಇನ್ನೊಬ್ಬರ ದೂರಸಂಭಾಷಣೆ ತಡವರಿಸುವುದು ಮನೆಮನೆಯ ಅನುಭವ. ರೂಟರಿನೊಳಗೆ ಮಾಹಿತಿಯ ಸರದಿಯ ಸಾಲು ಅತಿಯಾಗಿ ಉದ್ದವಾಗುವುದೇ ಇದಕ್ಕೆ ಕಾರಣ. ಡೇವ್ ಟಾಟ್ ಮೊದಲಾದವರು ಓಪನ್‌ಡಬ್ಲ್ಯೂಆರ್‌ಟಿಯನ್ನೇ ಪ್ರಯೋಗಶಾಲೆಯಾಗಿಸಿಕೊಂಡು ಈ ದೋಷದ ಬೆನ್ನುಹತ್ತಿದರು. ಎಫ್‌ಕ್ಯೂ-ಕೋಡೆಲ್ ಎಂಬ ಪರಿಹಾರ 2012ರಲ್ಲಿ ಲಿನಕ್ಸ್‌ಗೆ ಸೇರಿತು. ಮುಂದೆ ವೈಫೈಯಲ್ಲಿ ನಿಧಾನದ ಒಂದು ಉಪಕರಣ ಎಲ್ಲರ ಕಾಲವನ್ನೂ ಕಬಳಿಸದಂತೆ ಪ್ರಸಾರದ ಸಮಯವನ್ನು ಸಮನಾಗಿ ಹಂಚುವ ಕ್ರಮವನ್ನು ಮೊದಲು ರೂಪಿಸಿದುದು ಎಟಿಎಚ್9ಕೆ ಚಾಲಕದ ಮೇಲೆ, ಏಕೆಂದರೆ ಒಳಗಿನ ಸಾಲನ್ನು ಕಣ್ಣಾರೆ ಕಂಡು ತಿದ್ದಲು ಅಲ್ಲಿ ಸಾಧ್ಯವಿತ್ತು. ಸಂಶೋಧಕರು ಬೆರಳೆಣಿಕೆಯಷ್ಟು. ಫಲ ಪಡೆದ ಮನೆಗಳವರು ಅವರ ಹೆಸರನ್ನೂ ಕೇಳಿಲ್ಲ.

ಇಷ್ಟಾದರೂ ಈ ಚಿಪ್‌ಗಳು 2009ರಲ್ಲಿ ಅಂಗೀಕೃತವಾದ ವೈಫೈ 4ರ ಕಾಲದವು. ಮುದ್ರೆಯ ಕಠಿಣ ನಿಯಮವು ಕೊಳ್ಳುವವನನ್ನು ಆ ಕಾಲದಲ್ಲಿಯೇ ನಿಲ್ಲಿಸುತ್ತದೆ. ನಿಯಮ ನಿಜಕ್ಕೂ ಪರಿಪೂರ್ಣವಾಗಿದ್ದರೆ ಆ ಬೆಲೆಯನ್ನು ಸಂತೋಷದಿಂದ ತೆರಬಹುದಿತ್ತು. ಆದರೆ ಅದರಲ್ಲೊಂದು ವಿನಾಯಿತಿಯಿದೆ. ಉಪಕರಣದೊಳಗಿನ ಉಪಸಂಸ್ಕಾರಕಗಳಲ್ಲಿ, ಮಾರಾಟದ ನಂತರ ಬದಲಿಸಲು ಉದ್ದೇಶಿಸಿರದ ತಂತ್ರಾಂಶ ಅಡಗಿದ್ದರೆ ಅದನ್ನು ತಂತ್ರಾಂಶವೆಂದು ಲೆಕ್ಕ ಹಿಡಿಯಬೇಕಿಲ್ಲ, ವಿದ್ಯುನ್ಮಂಡಲದ ಭಾಗವೆಂದು ಭಾವಿಸಬಹುದು. ಇದರ ಪರಿಣಾಮವನ್ನು ವಾಚಕರು ಯೋಚಿಸಬೇಕು. ಒಂದೇ ಮುಚ್ಚಿದ ತಂತ್ರಾಂಶವನ್ನು ಕಡತದ ರೂಪದಲ್ಲಿ ಕೊಟ್ಟರೆ ಉಪಕರಣ ಅನರ್ಹ. ಅದನ್ನೇ ಚಿಪ್‌ನೊಳಗೆ ಅಳಿಸಲಾಗದಂತೆ ಕೊರೆದಿಟ್ಟರೆ ಅರ್ಹ. ದೋಷ ಕಾಣದಿರುವುದನ್ನೇ ನಿರ್ದೋಷವೆಂದು ಕರೆದಂತಾಯಿತು.

ಫೌಂಡೇಶನ್ನಿನ ವಾದಕ್ಕೂ ತಿರುಳಿದೆ. ಕೊರೆದಿಟ್ಟದ್ದನ್ನು ಬಳಕೆದಾರನೂ ಬದಲಿಸಲಾರ, ತಯಾರಕನೂ ಬದಲಿಸಲಾರ, ಆದುದರಿಂದ ಒಬ್ಬನ ಮೇಲೆ ಇನ್ನೊಬ್ಬನಿಗೆ ಅಧಿಕಾರವಿಲ್ಲ. ಕಡತದ ರೂಪದಲ್ಲಿದ್ದರೆ ತಯಾರಕನು ನಾಳೆ ಬೇರೊಂದನ್ನು ತುರುಕಬಹುದು ಎಂಬುದು ಅವರ ಆತಂಕ. ಸಿದ್ಧಾಂತವಾಗಿ ಇದು ಸರಿ. ಆದರೆ ಓಪನ್‌ಡಬ್ಲ್ಯೂಆರ್‌ಟಿ ಸ್ಥಾಪಿಸಿದ ರೂಟರಿನಲ್ಲಿ ಕಡತವನ್ನು ತಂದು ಇಡುವವನು ತಯಾರಕನಲ್ಲ, ಮನೆಯ ಒಡೆಯ. ಹೊಸ ಕಡತ ಬೇಡವೆಂದರೆ ಹಳೆಯದೇ ಉಳಿಯುತ್ತದೆ, ಕಡತದಲ್ಲಿ ಭದ್ರತೆಯ ದೋಷ ಕಂಡುಬಂದರೆ ತಿದ್ದಿದ್ದನ್ನು ಹಾಕಬಹುದು. ಇಬ್ಬರೂ ಸಮಾನವಾಗಿ ನಿಸ್ಸಹಾಯಕರಾಗಿರುವುದನ್ನು ಸ್ವಾತಂತ್ರ್ಯವೆಂದು ಒಪ್ಪುವುದಕ್ಕಿಂತ, ಅಪೂರ್ಣವಾದರೂ ಕೈಗೆಟುಕುವ ಈ ಅಧಿಕಾರ ಮೇಲು. ಮುದ್ರೆ ಕಠಿಣವಾಗಿ ಕಂಡರೂ ಪರಿಣಾಮದಲ್ಲಿ ದುರ್ಬಲವೆಂದು ಆರಂಭದಲ್ಲಿ ಹೇಳಿದುದು ಈ ಅರ್ಥದಲ್ಲಿ.

ಎರಡನೆಯ ಮಾನದಂಡಕ್ಕೆ ಉದಾಹರಣೆಯಾಗಿ 2024ರ ನವೆಂಬರಿನಲ್ಲಿ ಬಿಡುಗಡೆಯಾದ ‘ಓಪನ್‌ಡಬ್ಲ್ಯೂಆರ್‌ಟಿ ಒನ್’ ಎಂಬ ರೂಟರನ್ನು ನೋಡಬಹುದು. ಇಪ್ಪತ್ತು ವರ್ಷ ಇತರರ ಯಂತ್ರಗಳಿಗೆ ತಂತ್ರಾಂಶ ಬರೆದವರು ತಮ್ಮದೇ ಯಂತ್ರವೊಂದನ್ನು ವಿನ್ಯಾಸಗೊಳಿಸಿದರು. ತಯಾರಿಕೆ ಬನಾನಾ ಪೈ ಸಂಸ್ಥೆಯದು, ಹೊಣೆಗಾರಿಕೆಯಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಲಾಭೇತರ ಸಂಸ್ಥೆಯ ಪಾಲಿದೆ. ಬಿಡುಗಡೆಯಾದಾಗ ಕವಚಸಹಿತ ಬೆಲೆ 89 ಡಾಲರ್. ಮಾರಾಟವಾದ ಪ್ರತಿಯೊಂದರಿಂದ 10 ಡಾಲರ್ ಯೋಜನೆಯ ನಿಧಿಗೆ ಸಲ್ಲುತ್ತದೆ. 1 ಗಿಗಾಬೈಟ್ ಕಾರ್ಯಸ್ಮೃತಿ, ವೈಫೈ 6, ಎರಡು ಎತರ್ನೆಟ್ ದ್ವಾರಗಳು ಇದರಲ್ಲಿವೆ.

ಈ ಯಂತ್ರದ ಅತ್ಯುತ್ತಮ ಗುಣ ವೇಗವಲ್ಲ. ಇದರಲ್ಲಿ ಎರಡು ಪ್ರತ್ಯೇಕ ಶಾಶ್ವತ ಸ್ಮೃತಿಗಳಿವೆ. ದಿನನಿತ್ಯದ ತಂತ್ರಾಂಶ ಒಂದರಲ್ಲಿ, ಆಪತ್ಕಾಲದ ಪ್ರತಿ ಇನ್ನೊಂದರಲ್ಲಿ. ಎರಡನೆಯದಕ್ಕೆ ಬರೆಯಲಾಗದಂತೆ ಸಾಮಾನ್ಯವಾಗಿ ತಡೆಯಿರುತ್ತದೆ. ಕಲಿಯುವವನು ಪ್ರಯೋಗದಲ್ಲಿ ತಪ್ಪಿ ಮೊದಲನೆಯದನ್ನು ಕೆಡಿಸಿದರೂ, ಒಂದು ಪುಟ್ಟ ಗುಂಡಿಯನ್ನು ಸರಿಸಿ ಯಂತ್ರವನ್ನು ಮತ್ತೆ ಎಬ್ಬಿಸಬಹುದು. ಬೇರೆ ರೂಟರ್‌ಗಳಲ್ಲಿ ಸ್ವತಂತ್ರ ತಂತ್ರಾಂಶ ಸ್ಥಾಪಿಸಲು ಹೊರಟವರನ್ನು ಹಿಂದೆಗೆಯುವಂತೆ ಮಾಡುವ ಮುಖ್ಯ ಭಯ, ಯಂತ್ರ ಇಟ್ಟಿಗೆಯಂತೆ ನಿರ್ಜೀವವಾದೀತೆಂಬುದು. ಆ ಭಯವನ್ನು ನಿವಾರಿಸಿದುದು ಪರವಾನಗಿಯ ಪುಟಗಳಿಗಿಂತ ದೊಡ್ಡ ಉಪಕಾರ. ವಿದ್ಯುನ್ಮಂಡಲದ ನಕ್ಷೆಯನ್ನೂ ಪ್ರಕಟಿಸಲಾಗಿದೆ.

ಪ್ರಶಂಸೆಗೆ ಪಾತ್ರವಾದ ಇನ್ನೊಂದು ಅಂಶ ಪ್ರಾಮಾಣಿಕತೆ. 2024ರ ಜನವರಿಯಲ್ಲಿ ಯೋಜನೆಯನ್ನು ಮಂಡಿಸುವಾಗಲೇ, ವೈಫೈ ಮತ್ತು 2.5 ಗಿಗಾಬಿಟ್ ದ್ವಾರದ ಚಿಪ್‌ಗಳಿಗೆ ಮುಚ್ಚಿದ ಕಡತಗಳು ಬೇಕಾಗುತ್ತವೆ, ಅವು ಮುಖ್ಯ ಸಂಸ್ಕಾರಕದಿಂದ ಬೇರೆಯಾದ ತಿರುಳುಗಳಲ್ಲಿ ನಡೆಯುತ್ತವೆ, ಸ್ಮೃತಿಯನ್ನು ಅಣಿಗೊಳಿಸುವ ಭಾಗವೂ ಮುಚ್ಚಿದ್ದೇ ಎಂದು ಅವರು ಬರೆದುಕೊಂಡರು. ಜಾಹೀರಾತಿನಲ್ಲಿ ಕಾಣದ ಬಗೆಯ ಮಾತಿದು. ಕೊರತೆಯ ಪಟ್ಟಿಯನ್ನು ಮಾರುವವನೇ ಕೊಟ್ಟಾಗ ಕೊಳ್ಳುವವನಿಗೆ ತೂಗಿ ನೋಡಲು ತಕ್ಕಡಿ ಸಿಕ್ಕಂತಾಗುತ್ತದೆ. ಉಳಿದ ಆಕ್ಷೇಪಣೆಗಳು ಸಣ್ಣವು. ಒಳಜಾಲಕ್ಕೆ ಒಂದೇ ದ್ವಾರವಿರುವುದರಿಂದ ತಂತಿಯ ಜಾಲಕ್ಕೆ ಪ್ರತ್ಯೇಕ ಸ್ವಿಚ್ ಬೇಕೇಬೇಕು. ಭಾರತಕ್ಕೆ ತರಿಸಿದರೆ ಸಾಗಣೆ ಮತ್ತು ಸುಂಕದ ಖರ್ಚು ಬೇರೆ.

ಆದರೆ ಈ ಎರಡು ಮಾನದಂಡಗಳ ವಾಗ್ವಾದವೆಲ್ಲ ಒಂದು ಅನವಶ್ಯಕ ಊಹೆಯ ಮೇಲೆ ನಿಂತಿದೆ. ಬಾಗಿಲು ಕಾಯುವ ಕೆಲಸವನ್ನೂ ರೇಡಿಯೊ ಪ್ರಸಾರವನ್ನೂ ಒಂದೇ ಪೆಟ್ಟಿಗೆ ಮಾಡಬೇಕೆಂದು ಯಾರೂ ವಿಧಿಸಿಲ್ಲ. ಮುಚ್ಚಿದ ಕಡತಗಳ ಸಮಸ್ಯೆ ಬಹುಪಾಲು ರೇಡಿಯೊಗೆ ಸೇರಿದ್ದು. ಪ್ರತಿ ಕೆಲವು ವರ್ಷಗಳಿಗೊಮ್ಮೆ ಹಳತಾಗುವುದೂ ರೇಡಿಯೊವೇ. ತೀರ್ಮಾನ ತೆಗೆದುಕೊಳ್ಳುವ ರೂಟರ್ ಸಾಧಾರಣ ಮನೆಗೆ ಹತ್ತು ವರ್ಷ ಬಾಳಬಲ್ಲದು. ಎರಡನ್ನೂ ಬೇರ್ಪಡಿಸಿದರೆ, ಯಾವ ಅಂಗದ ಸ್ವಾತಂತ್ರ್ಯ ಅತ್ಯಗತ್ಯವೋ ಅದನ್ನು ಹೆಚ್ಚುಕಡಿಮೆ ಪೂರ್ಣವಾಗಿ ಪಡೆಯಬಹುದು, ಯಾವುದರಲ್ಲಿ ರಾಜಿ ಅನಿವಾರ್ಯವೋ ಅದನ್ನು ಬಾಗಿಲಿನಿಂದ ಒಳಗೆ, ಕಾವಲುಗಾರನ ಕಣ್ಣಿನ ಕೆಳಗೆ ಇರಿಸಬಹುದು. ವೈಫೈ ನೀಡುವ ಪೆಟ್ಟಿಗೆ ಹೊರಲೋಕದೊಡನೆ ಮಾತನಾಡಬಾರದೆಂದು ರೂಟರಿನಲ್ಲಿ ಒಂದು ನಿಯಮ ಬರೆದರೆ, ಅದರ ತಯಾರಕನ ದೂರದ ಗಣಕದೊಡನೆ ಅದು ಗುಟ್ಟಾಗಿ ಸಂಪರ್ಕಿಸಲಾರದು.

ಇದಕ್ಕೆ ಹೊಂದುವ ಯಂತ್ರಗಳಿವೆ. ನ್ಯಾನೋಪೈ ಆರ್4ಎಸ್ ಎಂಬ ಅಂಗೈಯಗಲದ ಪೆಟ್ಟಿಗೆಯಲ್ಲಿ ಎರಡು ಗಿಗಾಬಿಟ್ ದ್ವಾರಗಳಿವೆ, ವೈಫೈ ಇಲ್ಲ. ಅದರ ಆರ್‌ಕೆ3399 ಸಂಸ್ಕಾರಕದ ವಿಶೇಷವೆಂದರೆ, ಸ್ಮೃತಿಯನ್ನು ಅಣಿಗೊಳಿಸುವ ಹಂತದಿಂದ ಲಿನಕ್ಸ್‌ವರೆಗಿನ ಸರಣಿಯನ್ನು ಸ್ವತಂತ್ರ ತಂತ್ರಾಂಶದಿಂದಲೇ ಕಟ್ಟಬಹುದು. ಎತರ್ನೆಟ್ ಚಿಪ್ಪೊಂದರ ಚಾಲಕವು ಒಂದು ಸಣ್ಣ ತಿದ್ದುಪಡಿ ಕಡತವನ್ನು ಕೇಳುವುದುಂಟು, ಅಷ್ಟೆ. ಇದು ಮುದ್ರೆ ಪಡೆದ ಯಂತ್ರವಲ್ಲ. ಆದರೂ ಬಾಗಿಲಿನ ಕೆಲಸದ ಮಟ್ಟಿಗೆ ಮುದ್ರೆ ಪಡೆದ ಹಲವು ಯಂತ್ರಗಳಿಗಿಂತ ಸಮರ್ಥವಾಗಿದೆ. ಝೆಕ್ ದೇಶದ ಅಂತರಜಾಲ ಹೆಸರುಗಳ ನೋಂದಣಿ ಸಂಸ್ಥೆಯಾದ ಸಿಝಡ್.ಎನ್‌ಐಸಿ 2016ರಲ್ಲಿ ಹೊರತಂದ ಟರಿಸ್ ಓಮ್ನಿಯಾ ಇನ್ನೊಂದು ಬಗೆಯ ಉತ್ತರ. ಅದರಲ್ಲಿ ವೈಫೈ ಕಾರ್ಡ್‌ಗಳನ್ನು ಕೀಲಿಯಂತೆ ಸಿಕ್ಕಿಸಲಾಗಿದೆ. ಬೇಡವೆಂದರೆ ತೆಗೆದಿಡಬಹುದು, ಹೊಸದು ಬೇಕೆಂದರೆ ಬದಲಿಸಬಹುದು. ಭದ್ರತೆಯ ತಿದ್ದುಪಡಿಗಳು ತಾವಾಗಿಯೇ ಬರುವ ವ್ಯವಸ್ಥೆ ಅದರಲ್ಲಿದೆ. ತಂತ್ರಜ್ಞರಿಲ್ಲದ ಮನೆಗೆ ಇದು ಬಹು ದೊಡ್ಡ ಗುಣ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಹೆಚ್ಚು.

ಹಳೆಯ ಗಣಕವೊಂದಕ್ಕೆ ಎರಡನೆಯ ಎತರ್ನೆಟ್ ಕಾರ್ಡ್ ಸಿಕ್ಕಿಸಿ ರೂಟರ್ ಮಾಡಬಹುದೆಂದು ಸಲಹೆ ಕೊಡುವವರಿದ್ದಾರೆ. ಕಸವಾಗಬೇಕಾದ ವಸ್ತುವಿಗೆ ಮರುಜೀವ ದೊರೆಯುವುದು ಒಳ್ಳೆಯದೇ. ಆದರೆ ಲೆಕ್ಕ ಹಾಕಬೇಕು. 50 ವ್ಯಾಟ್ ಎಳೆಯುವ ಗಣಕ ಹಗಲಿರುಳು ನಡೆದರೆ ವರ್ಷಕ್ಕೆ 438 ಯೂನಿಟ್ ವಿದ್ಯುತ್ ಬೇಕು. 8 ವ್ಯಾಟ್‌ನ ಪುಟ್ಟ ರೂಟರಿಗೆ 70 ಯೂನಿಟ್ ಸಾಕು. ಜೊತೆಗೆ ಅಂತಹ ಗಣಕಗಳ ಆರಂಭಿಕ ತಂತ್ರಾಂಶ ಸಾಮಾನ್ಯವಾಗಿ ಮುಚ್ಚಿದ್ದೇ ಆಗಿರುತ್ತದೆ.

ಸ್ವಿಚ್‌ನ ವಿಷಯ ಹೆಚ್ಚು ಸರಳ. ಅದರಲ್ಲಿ ಎರಡು ಜಾತಿ. ನಿರ್ವಹಣೆಯಿಲ್ಲದ ಸ್ವಿಚ್ ಯಾವ ದ್ವಾರದಲ್ಲಿ ಯಾವ ಉಪಕರಣವಿದೆ ಎಂಬುದನ್ನು ತಾನೇ ಕಲಿತು ಹಂಚುತ್ತದೆ. ಅದಕ್ಕೆ ಜಾಲದಲ್ಲಿ ಸ್ವಂತ ವಿಳಾಸವಿಲ್ಲ, ಗುಪ್ತಪದವಿಲ್ಲ, ದೂರದಿಂದ ಯಾರೂ ಅದರೊಳಗೆ ಪ್ರವೇಶಿಸಲಾರರು. ಇಲ್ಲಿ ಸ್ವತಂತ್ರ ತಂತ್ರಾಂಶವನ್ನು ಹುಡುಕುವುದು ಚಮಚದಲ್ಲಿ ಬೀಗವನ್ನು ಹುಡುಕಿದಂತೆ. ಬಹುತೇಕ ಮನೆಗಳಿಗೆ ಇಷ್ಟೇ ಸಾಕು, ಇದಕ್ಕಿಂತ ಹೆಚ್ಚಿನದನ್ನು ಕೊಳ್ಳುವುದು ವ್ಯರ್ಥ ಸಂಗ್ರಹ. ನಿರ್ವಹಣೆಯುಳ್ಳ ಸ್ವಿಚ್ ಬೇಕಾಗುವುದು ಒಂದೇ ತಂತಿಯಲ್ಲಿ ಹಲವು ಪ್ರತ್ಯೇಕ ಜಾಲಗಳನ್ನು ನಡೆಸಬೇಕಾದಾಗ. ಟ್ರಸ್ಟಿನ ಲೆಕ್ಕಪತ್ರದ ಗಣಕಗಳು, ವಿದ್ಯಾರ್ಥಿನಿಲಯದ ಮಕ್ಕಳ ಉಪಕರಣಗಳು, ಕಾವಲು ಕ್ಯಾಮೆರಾಗಳು ಒಂದನ್ನೊಂದು ಕಾಣದಿರಬೇಕಾದ ಕಟ್ಟಡ ಅದಕ್ಕೆ ತಕ್ಕ ಉದಾಹರಣೆ. ಅಂತಹ ಸ್ವಿಚ್‌ನೊಳಗೆ ಒಂದು ಪುಟ್ಟ ಗಣಕವೇ ಇರುತ್ತದೆ, ರೂಟರಿನ ಎಲ್ಲ ಪ್ರಶ್ನೆಗಳೂ ಅಲ್ಲಿ ಮರುಕಳಿಸುತ್ತವೆ.

2021ರ ಸೆಪ್ಟೆಂಬರಿನವರೆಗೆ ಈ ಜಾತಿಯ ಅಗ್ಗದ ಸ್ವಿಚ್‌ಗಳಿಗೆ ಸ್ವತಂತ್ರ ತಂತ್ರಾಂಶದ ಆಯ್ಕೆ ಅಧಿಕೃತವಾಗಿ ಇರಲಿಲ್ಲವೆನ್ನಬಹುದು. ಆ ತಿಂಗಳು ಬಂದ ಓಪನ್‌ಡಬ್ಲ್ಯೂಆರ್‌ಟಿಯ 21.02 ಆವೃತ್ತಿಯಲ್ಲಿ ರಿಯಲ್‌ಟೆಕ್ ಚಿಪ್‌ಗಳುಳ್ಳ ಕೆಲವು ಸ್ವಿಚ್‌ಗಳಿಗೆ ಬೆಂಬಲ ದೊರೆಯಿತು. ಝೈಸೆಲ್‌ನ ಜಿಎಸ್1900 ಸರಣಿ, ನೆಟ್‌ಗಿಯರ್‌ನ ಜಿಎಸ್108ಟಿಯ ಮೂರನೆಯ ಆವೃತ್ತಿ ಮೊದಲಾದವು ಆ ಪಟ್ಟಿಯಲ್ಲಿವೆ. ಚಿಪ್‌ನ ಕೈಪಿಡಿಗಳು ಸುಲಭವಾಗಿ ದೊರೆಯದ ಸ್ಥಿತಿಯಲ್ಲಿ ಸ್ವಯಂಸೇವಕರು ಯಂತ್ರದ ವರ್ತನೆಯನ್ನು ನೋಡಿ ನೋಡಿ ಬರೆದ ಚಾಲಕಗಳಿವು. ಶ್ರಮ ಮಾನ್ಯ, ಫಲ ಇನ್ನೂ ಹಣ್ಣಾಗುತ್ತಿದೆ. ತಯಾರಕನ ತಂತ್ರಾಂಶದಲ್ಲಿರುವ ಎಲ್ಲ ಸೌಲಭ್ಯಗಳೂ ಇಲ್ಲಿ ಸಿಗುವುದಿಲ್ಲ, ಮತ್ತು ಒಳಗಿನ ಪುಟ್ಟ ಸಂಸ್ಕಾರಕಕ್ಕೆ ರೂಟರಿನ ಕೆಲಸ ಕೊಟ್ಟರೆ ಅದು ಏದುಸಿರು ಬಿಡುತ್ತದೆ.

ಇನ್ನೊಂದು ಪೆಟ್ಟಿಗೆಯ ಮಾತು ಉಳಿದಿದೆ. ಕರ್ನಾಟಕದ ಊರುಗಳಲ್ಲಿ ಆಪ್ಟಿಕಲ್ ನಾರಿನ ಸಂಪರ್ಕ ಪಡೆದ ಮನೆಗಳಿಗೆ ಸಾಮಾನ್ಯವಾಗಿ ಸೇವಾಸಂಸ್ಥೆಯೇ ಒಂದು ಯಂತ್ರವನ್ನು ತಂದು ಗೋಡೆಗೆ ತೂಗುಹಾಕುತ್ತದೆ. ಅದು ಬೆಳಕನ್ನು ವಿದ್ಯುತ್ ಸಂಕೇತವಾಗಿಸುತ್ತದೆ, ಜೊತೆಗೆ ರೂಟರೂ ಆಗಿರುತ್ತದೆ. ಅದರ ಮೇಲಿನ ಅಧಿಕಾರ ಮನೆಯವರದಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ, ಇಂತಹ ಉಪಕರಣವನ್ನು ಗ್ರಾಹಕನೇ ಆರಿಸಿಕೊಳ್ಳುವ ಹಕ್ಕು ಕಾನೂನಾಗಿ ಜಾರಿಗೆ ಬಂದಿದೆ. ಅಂತಹ ಹಕ್ಕಿಲ್ಲದ ಕಡೆ, ಸೇವಾಸಂಸ್ಥೆಯ ಯಂತ್ರವನ್ನು ‘ಬ್ರಿಡ್ಜ್’ ಎಂಬ ಸ್ಥಿತಿಗೆ ಬದಲಿಸಿಕೊಡಬೇಕೆಂದು ಕೇಳುವುದು ಉಚಿತ. ಆಗ ಅದು ಕೇವಲ ಬೆಳಕಿನ ಅನುವಾದಕವಾಗುತ್ತದೆ, ಬಾಗಿಲು ಮನೆಯವರ ರೂಟರಿನದಾಗುತ್ತದೆ. ಒಪ್ಪದಿದ್ದರೆ ಅದರ ಹಿಂದೆಯೇ ಸ್ವಂತ ರೂಟರನ್ನು ಇಡಬಹುದು. ವಿಳಾಸಗಳ ರೂಪಾಂತರ ಎರಡು ಬಾರಿ ನಡೆಯುವುದರಿಂದ ಹೊರಗಿನಿಂದ ಮನೆಯ ಕ್ಯಾಮೆರಾವನ್ನು ನೇರವಾಗಿ ನೋಡುವಂತಹ ಕೆಲವು ಅನುಕೂಲಗಳು ತೊಡಕಾಗುತ್ತವೆ, ನಿತ್ಯದ ಬಳಕೆಗೆ ಅಡ್ಡಿಯಿಲ್ಲ.

ಮೂರು ಅಂತಸ್ತಿನ ಒಂದು ಮನೆಗೆ ಇದನ್ನೆಲ್ಲ ಅನ್ವಯಿಸಿದರೆ ಚಿತ್ರ ಹೀಗಾಗುತ್ತದೆ: ಸೇವಾಸಂಸ್ಥೆಯ ಯಂತ್ರದ ಪಕ್ಕದಲ್ಲಿ ವೈಫೈ ಇಲ್ಲದ ಒಂದು ಸ್ವತಂತ್ರ ರೂಟರ್, ಅದಕ್ಕೆ ತಾಗಿ ಎಂಟು ದ್ವಾರಗಳ ಸಾದಾ ಸ್ವಿಚ್, ಅಲ್ಲಿಂದ ಪ್ರತಿ ಅಂತಸ್ತಿಗೆ ಒಂದು ತಂತಿ, ತಂತಿಯ ತುದಿಯಲ್ಲಿ ವೈಫೈ ನೀಡುವ ಪೆಟ್ಟಿಗೆ. ವೈಫೈ ಪೆಟ್ಟಿಗೆಯೂ ಓಪನ್‌ಡಬ್ಲ್ಯೂಆರ್‌ಟಿ ಒಪ್ಪುವ ಮಾದರಿಯಾಗಿದ್ದರೆ ತಯಾರಕನು ಕೈಬಿಟ್ಟ ಮೇಲೂ ತಿದ್ದುಪಡಿ ದೊರೆಯುತ್ತದೆ. ಹೊಸ ತಲೆಮಾರಿನ ವೈಫೈ ಬಂದಾಗ ಅಂತಸ್ತಿನ ಪೆಟ್ಟಿಗೆಗಳನ್ನು ಮಾತ್ರ ಬದಲಿಸಿದರಾಯಿತು. ಮೊದಲ ಖರ್ಚು ಒಂದೇ ಸಂಯುಕ್ತ ಪೆಟ್ಟಿಗೆಗಿಂತ ಹೆಚ್ಚೆಂಬುದು ನಿಜ, ಗೋಡೆಯಲ್ಲಿ ತಂತಿ ಎಳೆಯುವ ಕೂಲಿಯೂ ಸೇರುತ್ತದೆ. ಎರಡು ಕೋಣೆಯ ಮನೆಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಒನ್‌ನಂತಹ ಒಂದೇ ಪೆಟ್ಟಿಗೆ ಸಾಕು.

ಅಂಗಡಿಯಿಂದಲೇ ಯಂತ್ರವನ್ನು ಕೊಂಡು ಸ್ವತಂತ್ರ ತಂತ್ರಾಂಶ ಹಾಕಿಸುವವರು ಮಾದರಿಯ ಹೆಸರನ್ನು ಮಾತ್ರ ನಂಬಬಾರದು. ಡಬ್ಲ್ಯೂಆರ್‌ಟಿ54ಜಿಯ ಐದನೆಯ ಆವೃತ್ತಿಯ ಪಾಠ ಇಂದಿಗೂ ಹಳತಾಗಿಲ್ಲ. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಚಿಪ್‌ಗಳು ಮಾರಾಟವಾಗುತ್ತಲೇ ಇವೆ. ಓಪನ್‌ಡಬ್ಲ್ಯೂಆರ್‌ಟಿ ಯೋಜನೆ ಪ್ರಕಟಿಸುವ ಯಂತ್ರಗಳ ಪಟ್ಟಿಯಲ್ಲಿ ಮಾದರಿ ಮತ್ತು ಆವೃತ್ತಿ ಎರಡನ್ನೂ ನೋಡಬೇಕು. 4 ಮೆಗಾಬೈಟ್ ಶಾಶ್ವತ ಸ್ಮೃತಿ ಅಥವಾ 32 ಮೆಗಾಬೈಟ್ ಕಾರ್ಯಸ್ಮೃತಿಯ ಯಂತ್ರಗಳನ್ನು ಕೊಳ್ಳಬೇಡಿರೆಂದು ಆ ಯೋಜನೆಯವರೇ ಎಚ್ಚರಿಸಿದ್ದಾರೆ. 16 ಮತ್ತು 128 ಇದ್ದರೆ ನೆಮ್ಮದಿ. ಆವೃತ್ತಿಯ ಸಂಖ್ಯೆ ಯಂತ್ರದ ತಳದ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತದೆ, ಹಲವು ಬಾರಿ ಹೊರಗಿನ ರಟ್ಟಿನ ಪೆಟ್ಟಿಗೆಯ ಬದಿಯಲ್ಲಿಯೂ ಇರುತ್ತದೆ. ಹಣ ಕೊಡುವ ಮೊದಲು ಅಂಗಡಿಯವನಿಂದ ಅದನ್ನು ಕೇಳಿ ಓದಿಕೊಳ್ಳಬಹುದು.